ಆಚೆ ದಡದ ತೋಳುಗಳು

ಮೇಲಿನಕ್ಕನಿಗೆ ಅನುಮಾನ ಹುಟ್ಟುಗುಣ. ಹಾಲನ್ನು ಕಾಯಿಸುವ ಮೊದಲು ಮೂಸುತ್ತಾಳೆ, ಕಾಯಿಸಿದ ಮೇಲೂ ಮೂಸುತ್ತಾಳೆ. ಬಾಗಿಲು ಹಾಕಿ ಬೀದಿಯ ತಿರುವಿನವರೆಗೆ ಹೋದವಳು ಮತ್ತೆ ಬಂದು ಚಿಲಕ ಎಳೆದು ನೋಡುತ್ತಾಳೆ. ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದುಕೊಳ್ಳುತ್ತಾಳೆ. ಯಾರೂ ಹೊಗಳದಿದ್ದರೆ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂದು ಕಿವಿ ನೆಟ್ಟಗೆ ಮಾಡುತ್ತಾಳೆ. ಆದರೆ ಒಂದು ಮಾತು ಒಪ್ಪಬೇಕು. ಈ ಗುಣದಿಂದ ಆಕೆಯ ಕೆಲಸಕ್ಕೆ ಒಳ್ಳೆಯದೇ ಆಗಿತ್ತು. ಕ್ರೇನು ಓಡಿಸುವವರಿಗೆ ನಂಬಿಕೆ ಜಾಸ್ತಿಯಾದರೆ ಕೆಳಗಿರುವವರ ತಲೆ ಹೋಗುತ್ತದೆ.

ಮೇಲಿನಕ್ಕ ಎಂಬುದು ಬಂದರಿನವರು ಇಟ್ಟ ಹೆಸರು. ಹಡಗು ಬಂದು ನಿಲ್ಲುವ ಧಕ್ಕೆಯ ಅಂಚಿನಲ್ಲಿ ಸಾಲಾಗಿ ನಿಂತ ದೊಡ್ಡ ಕ್ರೇನುಗಳಲ್ಲಿ ಒಂದರ ಗಾಜಿನ ಗೂಡಿನಲ್ಲಿ ಕೂತು, ಹಡಗಿನಿಂದ ಕಂಟೇನರುಗಳನ್ನು ಎತ್ತಿ ನೆಲಕ್ಕಿಡುವುದು, ನೆಲದಿಂದ ಎತ್ತಿ ಹಡಗಿಗಿಡುವುದು ಆಕೆಯ ಕೆಲಸ. ಗೂಡು ಕ್ರೇನಿನ ತೋಳಿನುದ್ದಕ್ಕೂ ಹಿಂದೆ ಮುಂದೆ ಓಡಾಡುತ್ತದೆ, ಅದರ ನೆಲವೂ ಗಾಜೇ. ಎರಡು ಪಾದಗಳ ನಡುವೆ ಬಗ್ಗಿ ನೋಡುತ್ತ ದಿನವಿಡೀ ಕೂರಬೇಕು. ಅಲ್ಲಿಂದ ನೋಡಿದರೆ ಮನುಷ್ಯರೆಂದರೆ ಬರೀ ಹೆಲ್ಮೆಟ್ಟು ಮತ್ತು ಭುಜ. ಆದರೂ ನಡಿಗೆ ನೋಡಿ ಆಳು ಯಾರೆಂದು ಹೇಳುವುದರಲ್ಲಿ ಆಕೆ ಎತ್ತಿದ ಕೈ. ಸೂಪರಿಂಟೆಂಡೆಂಟರು ಬೂಟು ಕಚ್ಚಿದವರಂತೆ ನಡೆಯುತ್ತಾರೆ. ಹಗ್ಗ ಕಟ್ಟುವ ಮುದುಕ ಪ್ರತಿ ಹೆಜ್ಜೆಗೂ ನೆಲದ ಹತ್ತಿರ ಅಪ್ಪಣೆ ಕೇಳುತ್ತಾನೆ. ಆಕೆಯ ಗಂಡ ಎಡಗಾಲನ್ನು ಸ್ವಲ್ಪ ಹೊರಕ್ಕೆ ಎಸೆಯುತ್ತಾನೆ, ಯಾವಾಗಲೂ ಚೆಂಡು ಒದೆಯಲು ಹೊರಟವನಂತೆ.

ಗಂಡ ಡೆಕ್ಕಿನ ಮೇಸ್ತ್ರಿ. ಹಡಗಿನ ಮೇಲೆ ಒಂದರ ಮೇಲೊಂದು ಪೇರಿಸಿದ ಕಂಟೇನರುಗಳನ್ನು ಬಿಗಿಯುವ, ಬಿಚ್ಚುವ ಗುಂಪು ಅವನದು. ಊಟಕ್ಕೆ ಉಪ್ಪು ಹೆಚ್ಚಾದರೆ "ಆಗ್ಲಿ ಬಿಡು", ಸಂಬಳ ತಡವಾದರೆ "ಆಗ್ಲಿ ಬಿಡು". ಹಾಗಾಗಿ ಎಲ್ಲರಿಗೂ ಅವನು ಆಗ್ಲಿಬಿಡಣ್ಣ. ಇಂಥ ಹೆಂಡತಿಗೆ ಇಂಥ ಗಂಡನೇ ಸರಿ ಎಂದು ಬಂದರಿನವರು ನಗುತ್ತಿದ್ದರು. ಪ್ರಪಂಚದಲ್ಲಿ ಮೇಲಿನಕ್ಕ ಒಮ್ಮೆಯೂ ಅನುಮಾನಪಡದ ಮನುಷ್ಯ ಅವನೊಬ್ಬನೇ. ಅವನಿಗೆ ಅಷ್ಟು ತಲೆ ಓಡುವುದಿಲ್ಲ ಎಂಬುದು ಆಕೆಯ ಸಮಾಧಾನ.

ಅವರ ಬಂದರಿನ ಎದುರಿಗೆ, ಕೊಲ್ಲಿಯ ಆಚೆ ದಡದಲ್ಲಿ, ಇನ್ನೊಂದು ಬಂದರು. ಮಂಜಿಲ್ಲದ ದಿನ ಅಲ್ಲಿಯ ಕ್ರೇನುಗಳು ಗೆರೆ ಗೆರೆಯಾಗಿ ಕಾಣುತ್ತವೆ. ಕ್ರೇನಿನ ಉದ್ದನೆಯ ತೋಳು ನೀರಿನ ಕಡೆಗೆ ಅಡ್ಡಕ್ಕೆ ಚಾಚಿದ್ದರೆ ಕೆಳಗೆ ಹಡಗು ನಿಂತಿದೆ ಎಂದು ಅರ್ಥ. ಆಕಾಶಕ್ಕೆ ಎತ್ತಿ ನಿಲ್ಲಿಸಿದ್ದರೆ ಕೆಲಸವಿಲ್ಲ. ಬೆಳಿಗ್ಗೆ ಗೂಡಿಗೆ ಹತ್ತಿದ ತಕ್ಷಣ ಮೇಲಿನಕ್ಕ ಮೊದಲು ನೋಡುತ್ತಿದ್ದುದು ಆಚೆ ದಡದ ತೋಳುಗಳನ್ನು. ಎತ್ತಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಇಳಿದಿದ್ದರೆ ಅಂದು ಕುಡಿದ ನೀರೂ ಸೇರುತ್ತಿರಲಿಲ್ಲ. ಕೊಲ್ಲಿಗೆ ಬರುವ ಹಡಗುಗಳು ಇರುವುದೇ ಇಷ್ಟು. ಅಲ್ಲಿ ನಿಂತ ಹಡಗು ಇಲ್ಲಿ ನಿಲ್ಲದ ಹಡಗು.

ಮನೆಯಲ್ಲೂ ಆಕೆ ಒಂದು ಕ್ರೇನು ಓಡಿಸುತ್ತಿದ್ದಳು. ಕೆಳಗಿನ ಮಹಡಿಯಲ್ಲಿ ತಂಗಿಯ ಮನೆ. ಅಡುಗೆಮನೆಯ ಹಿಂದಿನ ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸಿದರೆ ಸಾಕು. ಈರುಳ್ಳಿ, ಬಟ್ಟೆಯ ಕ್ಲಿಪ್ಪು, ತಲೆನೋವಿನ ಮಾತ್ರೆ, ಬಿಸಿ ಬಿಸಿ ಸುದ್ದಿ, ಎಲ್ಲವೂ ಮೇಲೆ ಕೆಳಗೆ ಓಡಾಡುತ್ತಿದ್ದವು. ತಾಯಿ ಬೇಗ ತೀರಿಕೊಂಡದ್ದರಿಂದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಮೇಲಿನಕ್ಕನೇ. ಬುಟ್ಟಿ ಇಳಿಸುವಾಗ ಆಕೆ "ಕೆಳಗೆ ಹುಷಾರು!" ಎಂದು ಧಕ್ಕೆಯಲ್ಲಿ ಕೂಗುವಂತೆಯೇ ಕೂಗುತ್ತಿದ್ದಳು, ತಂಗಿ ಕೆಳಗಿನಿಂದ ಸೀಟಿ ಹೊಡೆಯುತ್ತಿದ್ದಳು. ಇಬ್ಬರಿಗೂ ಮಕ್ಕಳಿಲ್ಲ. ಆ ಬುಟ್ಟಿಯೇ ಒಂದು ಮಗುವಿನಂತೆ ಎರಡು ಮನೆಗಳ ನಡುವೆ ಆಡಿಕೊಂಡಿತ್ತು.

ತಂಗಿಯ ಗಂಡ ಮಾತ್ರ ಆಕೆಗೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಅವನು ಹುಟ್ಟಿ ಬೆಳೆದದ್ದು ಆಚೆ ದಡದಲ್ಲಿ. ಅಲ್ಲಿಯ ಬಂದರಿನಲ್ಲೇ ಕೆಲಸ ಮಾಡುತ್ತಿದ್ದವನು ಮದುವೆಯಾದ ಮೇಲೆ ಈಚೆಗೆ ಬಂದು, ಷಡ್ಕ ಆಗ್ಲಿಬಿಡಣ್ಣನ ಗುಂಪಿನಲ್ಲಿ ಗುತ್ತಿಗೆಯ ಆಳಾಗಿ ಸೇರಿದ್ದ. ಅವನ ಅಣ್ಣ ಇನ್ನೂ ಅಲ್ಲಿಯ ಡೆಕ್ಕಿನಲ್ಲೇ ಇದ್ದ. ಮಾತು ಕಡಿಮೆ, ಕೈ ಚುರುಕು. ಕಡಿಮೆ ಮಾತಾಡುವವರನ್ನು ಕಂಡರೆ ಮೇಲಿನಕ್ಕನಿಗೆ ಆಗುವುದಿಲ್ಲ. ಆಡದ ಮಾತೆಲ್ಲ ಎಲ್ಲಿಟ್ಟಿದ್ದಾನೆ ಎಂಬ ಚಿಂತೆ. ಮನೆಯಲ್ಲಿ ಅವನನ್ನು ಆಕೆ "ಆಚೆಯವನು" ಎಂದೇ ಕರೆಯುತ್ತಿದ್ದಳು.

ಹೀಗಿರುವಾಗ ನೀಲಿ ಹಡಗಿನ ಕಂಪನಿ ಬಂತು. ಅವರ ಹಡಗುಗಳೆಲ್ಲ ನೀಲಿ, ಎಲ್ಲವೂ ಬೀದಿಗಿಂತ ಉದ್ದ. ಕೊಲ್ಲಿಯ ಎರಡು ಬಂದರುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತೇವೆ, ಆರಿಸಿದ ಕಡೆಗೆ ವಾರಕ್ಕೊಂದು ಹಡಗು ತಪ್ಪದೆ ಬರುತ್ತದೆ, ಅಲ್ಲಿಯವರೆಗೆ ಒಂದು ಹಡಗನ್ನು ಪರೀಕ್ಷೆಗೆ ಬಿಡುತ್ತೇವೆ ಎಂದರು. ಆ ಹಡಗು ಮೊದಲು ಈಚೆ ಬಂದರಿಗೆ ಬರುತ್ತದೆ, ಇಲ್ಲಿ ಇಳಿಸಿ ಹೇರಿ ಆಚೆ ಬಂದರಿಗೆ ಹೋಗುತ್ತದೆ, ಅಲ್ಲಿಂದ ದೂರದ ಊರುಗಳನ್ನೆಲ್ಲ ಸುತ್ತಿಕೊಂಡು ಮತ್ತೆ ಈಚೆಗೆ. ಯಾರು ಬೇಗ ಬಿಟ್ಟುಕೊಡುತ್ತಾರೋ ಅವರ ಕೊರಳಿಗೆ ಹಾರ. ದೊಡ್ಡ ಹಡಗು ಧಕ್ಕೆಯಲ್ಲಿ ನಿಂತ ಒಂದೊಂದು ಗಂಟೆಯೂ ಕಂಪನಿಗೆ ನಷ್ಟವಂತೆ.

ಅಲ್ಲಿಂದ ಶುರುವಾಯಿತು ನೋಡಿ ತಮಾಷೆ. ಆಚೆಯವರು ಹೂಳೆತ್ತಿಸಿದರು ಎಂದು ಈಚೆಯವರು ಹೂಳೆತ್ತಿಸಿದರು. ಆಚೆಯವರು ಶುಲ್ಕ ಇಳಿಸಿದರೆಂಬ ಗಾಳಿಮಾತಿಗೆ ಈಚೆಯವರು ನಿಜವಾಗಿಯೇ ಇಳಿಸಿದರು. ನೀಲಿ ಹಡಗಿಗೆಂದು ಒಳ್ಳೆಯ ಧಕ್ಕೆಯನ್ನು ಖಾಲಿ ಇಟ್ಟು, ಪಾಪದ ಸಣ್ಣ ಹಡಗುಗಳನ್ನು ಹೊರಗೆ ಲಂಗರು ಹಾಕಿಸಿ ಕಾಯಿಸಿದರು. ಅವು ಬಾಯಿ ಬಡಿದುಕೊಂಡರೂ ಯಾರೂ ಕೇಳಲಿಲ್ಲ. ಬಂದರಿನ ದೊಡ್ಡ ಅಧಿಕಾರಿ ಹಣ್ಣಿನ ಬುಟ್ಟಿ ಹಿಡಿದು ಹಡಗಿನ ಏಣಿ ಹತ್ತಿ, ಕ್ಯಾಪ್ಟನ್ನಿಗೆ ಬೆಣ್ಣೆ ಹಚ್ಚಿ ಬಂದರು. ಗೇಟಿನ ಮುಂದೆ ಅಪರಿಚಿತ ಯಾರಾದರೂ ನಿಂತು ಗಡಿಯಾರ ನೋಡಿದರೆ ಸಾಕು, ಆಚೆಯವರ ಗೂಢಚಾರ. ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡಲು ಬಂದ ಮೇಷ್ಟ್ರೊಬ್ಬರನ್ನು ಕಾವಲುಗಾರರು ಮಧ್ಯಾಹ್ನದವರೆಗೆ ಕೂರಿಸಿಕೊಂಡಿದ್ದರು. ಇಡೀ ಬಂದರಿಗೆ ಮೇಲಿನಕ್ಕನ ರೋಗ ಅಂಟಿತ್ತು. ಆಕೆಗಂತೂ ಕೊನೆಗೂ ಜನಕ್ಕೆ ಬುದ್ಧಿ ಬಂತಲ್ಲ ಎಂಬ ಸಂತೋಷ.

ಮೊದಲ ಸಲ ನೀಲಿ ಹಡಗು ಬಂದು ಸಲೀಸಾಗಿ ಹೋಯಿತು. ಆದರೆ ಆಚೆಯವರು ಇನ್ನೂ ಬೇಗ ಕಳಿಸಿದರು ಎಂಬ ಸುದ್ದಿ ಬಂತು. ಎರಡನೆಯ ಸಲ ಬಂದಾಗ ತೊಂದರೆ ಶುರುವಾಯಿತು.

ತೊಂದರೆ ಏನೆಂದು ತಿಳಿಯಬೇಕಾದರೆ ಲಾಕಿನ ವಿಷಯ ಹೇಳಬೇಕು. ಒಂದು ಕಂಟೇನರಿನ ಮೇಲೆ ಇನ್ನೊಂದನ್ನು ಇಡುವಾಗ ನಾಲ್ಕು ಮೂಲೆಗೂ ಮುಷ್ಟಿಗಿಂತ ದೊಡ್ಡದಾದ ಕಬ್ಬಿಣದ ಲಾಕು ಕೂರಿಸುತ್ತಾರೆ. ಅದಕ್ಕೊಂದು ಹಿಡಿ. ಹಿಡಿಯನ್ನು ಒಂದು ಕಡೆ ತಳ್ಳಿದರೆ ಬಿಗಿಯುತ್ತದೆ, ಇನ್ನೊಂದು ಕಡೆ ಎಳೆದರೆ ಬಿಚ್ಚುತ್ತದೆ. ಲಾಕುಗಳಲ್ಲಿ ಎಡಗೈಯವು, ಬಲಗೈಯವು ಎಂದು ಎರಡು ಜಾತಿ. ಎಡಕ್ಕೆ ಬಿಚ್ಚುವುದು ಒಂದಾದರೆ ಅದೇ ಎಡಕ್ಕೆ ಬಿಗಿಯುವುದು ಇನ್ನೊಂದು. ದೂರಕ್ಕೆ ಎರಡೂ ಒಂದೇ ಥರ. ಹಾಗಾಗಿ ಒಂದು ಹಡಗಿನಲ್ಲಿ ಒಂದೇ ಜಾತಿಯವು ಇರಬೇಕು. ಬೆರೆತರೆ ಮುಗಿಯಿತು. ಹಿಡಿ ನೋಡಿ ಬಿಚ್ಚಿದೆ ಎಂದುಕೊಂಡದ್ದು ಬಿಗಿದಿರುತ್ತದೆ, ಕ್ರೇನು ಮೇಲಿನದನ್ನು ಎತ್ತಿದರೆ ಕೆಳಗಿನದೂ ಜೊತೆಗೆ ಬರುತ್ತದೆ. ಈ ಲಾಕುಗಳೆಲ್ಲ ಹಡಗಿನ ಸ್ವತ್ತು. ಇಳಿಸಿದ ಪೆಟ್ಟಿಗೆಗಳಿಂದ ಬಿಚ್ಚಿದವನ್ನು ಕಬ್ಬಿಣದ ತೊಟ್ಟಿಗಳಲ್ಲಿ ತುಂಬಿ, ಕೆಲಸ ಮುಗಿದ ಮೇಲೆ ಕ್ರೇನಿನಿಂದಲೇ ಎತ್ತಿ ಹಡಗಿಗೆ ವಾಪಸ್ ಇಡುವುದು ಪದ್ಧತಿ.

ಎರಡನೆಯ ಸಲ ನೀಲಿ ಹಡಗಿನಲ್ಲಿ ಅಲ್ಲಲ್ಲಿ ಬೇರೆ ಜಾತಿಯ ಲಾಕುಗಳು ಸಿಕ್ಕಿದವು. ಎತ್ತುವಾಗ ಗೂಡಿನ ಕುರ್ಚಿ ನಡುಗುತ್ತಿತ್ತು, ಮೇಲಿನಕ್ಕ ಕೈ ಬಿಗಿಹಿಡಿದು ನಿಲ್ಲಿಸುತ್ತಿದ್ದಳು, ಆಳುಗಳು ಉದ್ದನೆಯ ಸಲಾಕೆ ಹಿಡಿದು ಹತ್ತುತ್ತಿದ್ದರು. ಹಡಗು ತಡವಾಗಿ ಹೊರಟಿತು. ಯಾರೋ ಬೇಕಂತಲೇ ಬೆರೆಸಿದ್ದಾರೆ ಎಂದು ಧಕ್ಕೆಯಲ್ಲಿ ಗುಸುಗುಸು ಎದ್ದಿತು. ಯಾರು ಎಂಬುದನ್ನು ಯಾರೂ ಕೇಳಲಿಲ್ಲ. ಎಲ್ಲರೂ ಕೊಲ್ಲಿಯ ಆಚೆ ನೋಡಿದರು.

"ಅವರೇ ಕಣ್ರೀ, ಅನುಮಾನಾನೇ ಬೇಡ," ಎಂದಿದ್ದಳು ಮೇಲಿನಕ್ಕ, ಹಡಗು ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಗಂಡನಿಗೆ. "ನಮ್ಮನ್ನ ಸೋಲಿಸೋಕೆ ಲಾಕು ಬೆರೆಸಿ ಕಳಿಸ್ತಿದ್ದಾರೆ. ಇನ್ನೂ ಬೆರೆಸ್ತಾರೆ, ನೋಡ್ತಿರಿ."

ಆಗ್ಲಿಬಿಡಣ್ಣ ಆ ದಿನ ಆಗ್ಲಿ ಬಿಡು ಎನ್ನಲಿಲ್ಲ. "ಅವರೂ ಶುರು ಮಾಡಿದ್ರಾ," ಎಂದು ಗೊಣಗಿಕೊಂಡು ತಟ್ಟೆ ತೊಳೆಯಲು ಎದ್ದ. ನಲ್ಲಿಯ ಸದ್ದಿನಲ್ಲಿ ಆಕೆಗೆ ಸರಿಯಾಗಿ ಕೇಳಿಸಲಿಲ್ಲ.

ಮೂರನೆಯ ಸಲ ಇನ್ನೂ ಕೆಟ್ಟದಾಯಿತು. ಆಕೆ ಎತ್ತಿದ ಪೆಟ್ಟಿಗೆಯ ಒಂದು ಮೂಲೆಗೆ ಕೆಳಗಿನ ಪೆಟ್ಟಿಗೆ ನೇತಾಡಿಕೊಂಡು ಬಂದು, ಕ್ಷಣಮಾತ್ರ ವಾಲಾಡಿ, ಕಳಚಿ ಬಿತ್ತು. ಅದರ ಪಕ್ಕದಲ್ಲೇ ಆಚೆಯವನಿದ್ದ. ಹಾರಿ ಪಕ್ಕಕ್ಕೆ ಉರುಳಿ ಬದುಕಿಕೊಂಡ. ಮೇಲಿನಕ್ಕ ಎತ್ತಿದ್ದನ್ನು ಗಾಳಿಯಲ್ಲೇ ನಿಲ್ಲಿಸಿದಳು. ಆಮೇಲೆ ಬಂದ ಮೊದಲ ಯೋಚನೆ ಮಾತ್ರ ಆಕೆಗೆ ತಕ್ಕದ್ದೇ: ಅಷ್ಟು ಬೇಗ ಹೇಗೆ ಹಾರಿದ? ಬೀಳುತ್ತದೆ ಎಂದು ಮೊದಲೇ ಗೊತ್ತಿತ್ತಾ?

ಅಲ್ಲಿಂದ ಆಕೆ ಅವನ ಮೇಲೆ ಕಣ್ಣಿಟ್ಟಳು. ಹುಡುಕುವ ಕಣ್ಣಿಗೆ ಸಿಗದ್ದೇನಿದೆ? ಅದೇ ಮಧ್ಯಾಹ್ನ ಅವನು ಲಾಕಿನ ತೊಟ್ಟಿಯ ಹತ್ತಿರ ಒಬ್ಬನೇ ನಿಂತು, ಒಂದೊಂದನ್ನೇ ಎತ್ತಿ ತಿರುಗಿಸಿ ನೋಡುತ್ತಿದ್ದ. ಒಂದನ್ನು ಉಗುರಿನಿಂದ ಕೆರೆದ. ಸುತ್ತ ಕಣ್ಣಾಡಿಸಿ ಅದನ್ನು ಚೀಲಕ್ಕೆ ಹಾಕಿಕೊಂಡ. ಸುತ್ತ ನೋಡುವವರು ಮೇಲೆ ನೋಡುವುದಿಲ್ಲ. ಹಡಗು ಹೊರಟ ಸಂಜೆ ಮನೆಯ ಮೆಟ್ಟಿಲ ತಿರುವಿನಲ್ಲಿ ನಿಂತು ಅಣ್ಣನಿಗೆ ಫೋನು ಮಾಡಿ ಪಿಸುಗುಟ್ಟುತ್ತಿದ್ದ. ಮೇಲಿನಕ್ಕ ಚಪ್ಪಲಿ ಕಳಚಿ ಬೆಕ್ಕಿನ ಹೆಜ್ಜೆಯಲ್ಲಿ ಇಳಿದಳು. ಕೇಳಿಸಿದ್ದು ಒಂದು ತುಂಡು ಮಾತು: "...ಈ ಸಲ ಜಾಸ್ತಿ ಇದೆ. ಯಾರಿಗೂ ಹೇಳ್ಬೇಡ." ಸಾಕಲ್ಲ!

"ನೋಡ್ದೆ ಕಣ್ರೀ, ಕಣ್ಣಾರೆ ನೋಡ್ದೆ," ಎಂದು ಗಂಡನ ಮುಂದೆ ಎಲ್ಲ ಸುರಿದಳು. "ನಮ್ಮನೆ ಕೆಳಗೇ ಇದ್ಕೊಂಡು ಅವರಿಗೆ ಸುದ್ದಿ ಕೊಡ್ತಿದ್ದಾನೆ. ಎಲ್ಲಿ ಹಾಕ್ಬೇಕು, ಎಷ್ಟು ಹಾಕ್ಬೇಕು ಅಂತ ಹೇಳ್ಕೊಡ್ತಿರೋದು ಇವನೇ."

"ಇವನಾ? ನಿಜವಾಗ್ಲೂ ಇವನಾ?" ಎಂದು ಅವನು ಕೇಳಿದ.

"ಇನ್ಯಾರು ಮತ್ತೆ?"

ಆಕೆಗೆ ಆ ರಾತ್ರಿ ತಂಗಿಯ ಮುಖ ಕಣ್ಮುಂದೆ ಬರಲಿಲ್ಲವೇ? ಬಂತು. ಆದರೆ ವಾರಕ್ಕೊಂದು ನೀಲಿ ಹಡಗು ತಪ್ಪಿಹೋದರೆ ಅರ್ಧ ಬಂದರಿನ ಒಲೆ ಆರುತ್ತದೆ, ತಂಗಿಯದೂ ಸೇರಿ, ಎಂದು ತನಗೆ ತಾನೇ ಹೇಳಿಕೊಂಡಳು. ಬೆಳಿಗ್ಗೆ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, ಚೀಲಕ್ಕೆ ಲಾಕು ಹಾಕಿಕೊಂಡದ್ದನ್ನೂ ಮೆಟ್ಟಿಲಿನ ಫೋನನ್ನೂ ಹೇಳಿಬಂದಳು. ಅವರು ಆಚೆಯವನನ್ನು ಕರೆಸಿ ಕೇಳಿದರು. ಲಾಕು ತೆಗೆದುಕೊಂಡು ಹೋದದ್ದು ಹೌದಾ? ಹೌದು. ಯಾಕೆ? ಮಾತಿಲ್ಲ. ಗುತ್ತಿಗೆಯ ಆಳಿಗೆ ವಿಚಾರಣೆ ಎಲ್ಲಿಂದ ಬರಬೇಕು. ನಿಂತ ಕಾಲಲ್ಲಿ ಪಾಸು ಕಿತ್ತುಕೊಂಡು ಗೇಟಿನ ಹೊರಗೆ ಬಿಟ್ಟರು.

ಆ ಸಂಜೆ ಮೇಲಿನಕ್ಕ ಏನೂ ಆಗದವಳಂತೆ ಬುಟ್ಟಿ ಇಳಿಸಿದಳು. "ಕೆಳಗೆ ಹುಷಾರು!" ಎಂದಳು. ಸೀಟಿ ಬರಲಿಲ್ಲ. ಕತ್ತಲಾದ ಮೇಲೆ ಎಳೆದುಕೊಂಡರೆ ಇಟ್ಟ ಹಣ್ಣು ಇಟ್ಟ ಹಾಗೇ ಇತ್ತು. ಮರುದಿನವೂ ಹಾಗೇ. ಮೆಟ್ಟಿಲಲ್ಲಿ ಎದುರಾದರೆ ತಂಗಿ ಗೋಡೆಯ ಕಡೆ ತಿರುಗಿ ನಿಂತು ದಾರಿ ಬಿಡುತ್ತಿದ್ದಳು, ಪರಿಚಯವಿಲ್ಲದವರಿಗೆ ಬಿಡುವ ಹಾಗೆ. ಇದನ್ನೂ ಮೇಲಿನಕ್ಕ ಅನುಮಾನದ ಲೆಕ್ಕಕ್ಕೇ ಸೇರಿಸಿದಳು: ಇವಳಿಗೂ ಗೊತ್ತಿತ್ತು, ಅದಕ್ಕೇ ಮುಖ ತೋರಿಸುತ್ತಿಲ್ಲ. ಹಾಗೆಂದುಕೊಂಡರೂ ಬುಟ್ಟಿ ಇಳಿಸುವುದನ್ನು ಬಿಡಲಿಲ್ಲ. ಪ್ರತಿ ಸಂಜೆ ಇಳಿಸುವುದು, ಪ್ರತಿ ಸಂಜೆ ಎಳೆದುಕೊಳ್ಳುವುದು.

ನಾಲ್ಕನೆಯ ಸಲ ನೀಲಿ ಹಡಗು ಬಂದಾಗ ಆಚೆಯವನು ಡೆಕ್ಕಿನಲ್ಲಿ ಇರಲಿಲ್ಲ. ಆದರೂ ಲಾಕುಗಳು ಬೆರೆತೇ ಇದ್ದವು, ಹಿಂದಿಗಿಂತ ಹೆಚ್ಚು. ಕುರ್ಚಿ ನಡುಗಿದಾಗಲೆಲ್ಲ ಮೇಲಿನಕ್ಕ ಡೆಕ್ಕಿನ ಕಡೆ ಬಗ್ಗಿ ನೋಡುತ್ತಿದ್ದಳು. ಅವನಿಲ್ಲ. ಮತ್ತೆ ಯಾರು? ಆಕೆ ಡೆಕ್ಕಿನ ಒಬ್ಬೊಬ್ಬನನ್ನೂ ಕಣ್ಣಲ್ಲೇ ಸೋಸಿದಳು. ಹಗ್ಗದ ಮುದುಕನನ್ನೂ ಬಿಡಲಿಲ್ಲ.

ಕೆಲಸ ಮುಗಿಯಿತು. ಕೊನೆಗೆ ಲಾಕಿನ ತೊಟ್ಟಿಗಳನ್ನು ಹಡಗಿಗೆ ಎತ್ತಿಡುವುದು ಬಾಕಿ. ಬೇರೆ ದಿನಗಳಲ್ಲಿ ಕೊನೆಯ ಪೆಟ್ಟಿಗೆ ಇಟ್ಟ ಮೇಲೆ ಆಕೆ ಗೂಡನ್ನು ಹಡಗಿನ ಮೇಲೇ ನಿಲ್ಲಿಸಿಕೊಂಡು, ತೊಟ್ಟಿ ಸಿದ್ಧ ಎಂದು ರೇಡಿಯೋದಲ್ಲಿ ಹೇಳುವವರೆಗೆ ಕೈಕಾಲು ಚಾಚಿ ಕೂರುತ್ತಿದ್ದಳು. ಆ ಸಂಜೆ ಕೂರಲಾಗಲಿಲ್ಲ. ಯಾರೂ ಕರೆಯದಿದ್ದರೂ ಗೂಡನ್ನು ಹಿಂದಕ್ಕೆ, ನೆಲದ ಕಡೆಗೆ, ತನ್ನದೇ ಕ್ರೇನಿನ ಕಾಲುಗಳ ನಡುವೆ ತೊಟ್ಟಿಗಳನ್ನಿಡುವ ಜಾಗದ ಮೇಲಕ್ಕೆ ತಂದಳು. ಇಡೀ ಬಂದರನ್ನು ಕಾಯುತ್ತಿದ್ದವಳು ಆ ಜಾಗವನ್ನು ಆ ಹೊತ್ತಿನಲ್ಲಿ ಮಾತ್ರ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಪಾದಗಳ ನಡುವೆ, ಗಾಜಿನ ಕೆಳಗೆ, ಒಬ್ಬ ಗೋಣಿಚೀಲ ಹೊತ್ತು ಬಂದ. ತೊಟ್ಟಿಯ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಸುರಿದ. ಮೇಲಿದ್ದವನ್ನು ಕೈಯಿಂದ ಕಲಸಿ ಸಮ ಮಾಡಿದ. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟ. ಎಡಗಾಲನ್ನು ಸ್ವಲ್ಪ ಹೊರಕ್ಕೆ ಎಸೆಯುತ್ತ.

ರೇಡಿಯೋದಲ್ಲಿ ಗಂಡನ ದನಿ ಬಂತು. "ತೊಟ್ಟಿ ಸಿದ್ಧ. ಎತ್ಕೋ."

ಆಕೆ ಎತ್ತಿದಳು. ಎತ್ತಬಾರದಿತ್ತು; ನಿಲ್ಲಿಸಿ ಕೂಗಬೇಕಿತ್ತು. ಆದರೆ ಕೈಗಳು ರೂಢಿಯ ಮೇಲೆ ಓಡಿದವು, ತೊಟ್ಟಿ ಹಡಗಿನ ಮೇಲೆ ಕೂತಿತು, ಹಗ್ಗ ಬಿಚ್ಚಿದರು, ಟಗ್ಗು ದೋಣಿಗಳು ಹಡಗನ್ನು ಎಳೆದವು. ಪ್ರತಿ ಸಲವೂ ಅದನ್ನು ಎತ್ತಿಟ್ಟವಳು ತಾನೇ ಎಂಬುದು ಏಣಿ ಇಳಿಯುವಾಗ ಹೊಳೆದು, ಅರ್ಧದಲ್ಲಿ ಕಂಬಿ ಹಿಡಿದು ನಿಂತಳು.

ಮನೆಯಲ್ಲಿ ಆಗ್ಲಿಬಿಡಣ್ಣ ಶೂ ಬಿಚ್ಚುತ್ತಿದ್ದ.

"ಚೀಲದಲ್ಲಿ ಏನಿತ್ತು?" ಎಂದಳು.

ಅವನು ತಲೆಯೆತ್ತಲಿಲ್ಲ. ಒಂದು ಶೂ ಕೈಯಲ್ಲೇ ಉಳಿಯಿತು. "ನೀನು ಯಾವಾಗ್ಲೂ ಹಡಗಿನ ಕಡೆ ನೋಡ್ತಿರ್ತೀಯಲ್ಲ," ಎಂದ.

"ಏನಿತ್ತು ಅಂದೆ."

"ನಮ್ಮ ಷೆಡ್ಡಿನ ಹಳೇ ಲಾಕುಗಳು. ಬೇರೆ ಜಾತೀವು." ಅವನು ಶೂ ಕೆಳಗಿಟ್ಟ. "ಮೊದಲ ಸಲಾನೇ, ಅವರು ನಮಗಿಂತ ಬೇಗ ಕಳಿಸ್ಬಿಡ್ತಾರೆ ಅಂತ ಹೆದರಿಕೆ ಆಯ್ತು. ಮುಂದಿನ ಬಂದರು ಅವರದ್ದೇ ಅಲ್ವಾ. ಒಂದು ಸ್ವಲ್ಪ ತಡಕಾಡ್ಲಿ ಅಂತ ಆಗಲೇ ಹಿಡಿಯಷ್ಟು ಹಾಕ್ದೆ. ಅಷ್ಟೇ ಅಂದ್ಕೊಂಡಿದ್ದೆ, ಸತ್ಯವಾಗ್ಲೂ. ಆಮೇಲೆ ನಮ್ಮಲ್ಲೇ ಸಿಕ್ಕಾಕ್ಕೊಳ್ಳೋಕೆ ಶುರುವಾಯ್ತು. ಆಚೆಯವರೂ ಹಾಕ್ತಿದ್ದಾರೆ ಅಂತ ನೀನೇ ಹೇಳ್ದೆ. ಅದಕ್ಕೆ ನಾನು ಇನ್ನೊಂದಿಷ್ಟು ಹಾಕ್ದೆ. ಪೆಟ್ಟಿಗೆ ಬಿದ್ದು ನಮ್ಮ ಹುಡುಗ ಸಾಯ್ತಿದ್ದ. ಆವತ್ತು ಪೂರ್ತಿ ಚೀಲಾನೇ ಸುರಿದೆ."

"ಹಾಕಿದ ಲಾಕು ಎಲ್ಲಿಗೆ ಹೋಗುತ್ತೆ?"

"ಆಚೆಗೆ."

"ಆಚೆಯಿಂದ?"

ಅವನು ಬಾಯಿ ತೆರೆದ. ಹಡಗು ಸುತ್ತು ಹೊಡೆದುಕೊಂಡು ತಿರುಗಿ ತಮ್ಮ ಧಕ್ಕೆಗೇ ಬರುತ್ತದೆ ಎಂಬುದು ಬಂದರಿನಲ್ಲಿ ಹುಟ್ಟಿ ಬೆಳೆದ ಆ ಮನುಷ್ಯನಿಗೆ ಆಗ ತಾನೇ ಹೊಳೆಯಿತು. ಹಡಗು ಕಣ್ಮರೆಯಾದರೆ ಹೋಯಿತು ಎಂದು ತಿಳಿಯುವುದು ಧಕ್ಕೆಯ ಜನರೆಲ್ಲರ ರೂಢಿ. ಅವನ ಮುಖದ ಬಣ್ಣ ಇಳಿದುಹೋಯಿತು.

"ಅವನ ಪಾಸು ಕಿತ್ಕೊಂಡಾಗ ಬಾಯಿ ಬಿಡ್ಲಿಲ್ವಲ್ರೀ!"

"ನಿನ್ನ ಮಾತು ನಂಬ್ದೆ ಕಣೇ. ಅಲ್ಲಿ ಹಾಕಿಸ್ತಿರೋನು ಅವನೇ ಅನ್ಕೊಂಡೆ."

ಮೇಲಿನಕ್ಕನಿಗೆ ಕೂಗಾಡಬೇಕೆನಿಸಿತು, ಅದಕ್ಕೆ ಹೊತ್ತಿರಲಿಲ್ಲ. ಹಡಗು ಕೊಲ್ಲಿಯ ನಡುವೆ ನೀರಿನ ಉಬ್ಬರಕ್ಕೆ ಕಾಯುತ್ತಿದೆ, ಬೆಳಿಗ್ಗೆ ಆಚೆ ಬಂದರು ಸೇರುತ್ತದೆ, ಅಲ್ಲಿಯ ಡೆಕ್ಕಿನಲ್ಲಿ ಯಾರೋ ಒಬ್ಬ ನೇತಾಡುವ ಪೆಟ್ಟಿಗೆಯ ಪಕ್ಕ ನಿಂತಿರುತ್ತಾನೆ. ಎಲ್ಲರೂ ಹಾರಿ ಬದುಕುವಷ್ಟು ಚುರುಕಾಗಿರುವುದಿಲ್ಲ. ಹೇಳಿದರೆ ಗಂಡನ ಕೆಲಸ ಹೋಗುತ್ತದೆ, ನೀಲಿ ಹಡಗು ಹೋಗುತ್ತದೆ. ಹೇಳದಿದ್ದರೆ ಯಾರದೋ ಪ್ರಾಣ ಹೋಗುತ್ತದೆ. ಆಕೆ ಚಪ್ಪಲಿ ಹಾಕಿಕೊಂಡೇ, ಸದ್ದು ಮಾಡುತ್ತಲೇ, ಮೆಟ್ಟಿಲಿಳಿದು ತಂಗಿಯ ಬಾಗಿಲು ತಟ್ಟಿದಳು.

ಬಾಗಿಲು ತೆರೆದವನು ಆಚೆಯವನು. ಆಕೆ ಹೊಸ್ತಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು. "ನಿನ್ನ ಅಣ್ಣನಿಗೆ ಫೋನು ಮಾಡಪ್ಪ. ಲಾಕು ಬೆರೆತಿವೆ ಅಂತ ಹೇಳು. ಹಾಕಿದ್ದು ನಮ್ಮನೆಯೋರೇ ಅಂತಾನೂ ಹೇಳು. ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡದೆ ಎತ್ತಬಾರ್ದು ಅಂತ ಹೇಳು."

"ಆಗ್ಲೇ ಹೇಳಿದೀನಿ ಅಕ್ಕ," ಎಂದ ಅವನು. "ಪ್ರತಿ ಸಲಾನೂ ಹೇಳ್ತಿದ್ದೆ. ಈ ಸಲ ನಾನು ಬಂದರಿನೊಳಗೆ ಇರ್ಲಿಲ್ಲ, ಆದ್ರೂ ನೋಡ್ಕೊಳ್ಳಿ ಅಂತ ಹೇಳಿದ್ದೀನಿ. ಅವರಿಗೆ ಸಿಕ್ಕಿದ್ದನ್ನೆಲ್ಲ ತೆಗೆದಿಡ್ತಿದ್ದಾರೆ. ಸಿಗದೇ ಇದ್ದದ್ದು ಸುತ್ತಿ ನಮಗೇ ಬರ್ತಿತ್ತು."

ಕಿಟಕಿಯ ಕಟ್ಟೆಯ ಮೇಲೆ ಕಬ್ಬಿಣದ ಲಾಕು ಇತ್ತು. ಅವನು ಅದನ್ನು ತಂದು ಆಕೆಯ ಕೈಗಿಟ್ಟ. ಮೇಲೆಲ್ಲ ಕೆರೆದು ತೆಗೆದಿದ್ದರೂ ಸಂದಿನಲ್ಲಿ ಹಳದಿ ಬಣ್ಣ ಉಳಿದಿತ್ತು. ಈಚೆ ಬಂದರಿನ ಷೆಡ್ಡಿನ ಹಳದಿ. ಅದನ್ನು ಬಳಿಸುವವನು ಡೆಕ್ಕಿನ ಮೇಸ್ತ್ರಿ, ಕೆರೆಯಲು ಪುರಸೊತ್ತು ಇರುವವನೂ ಅವನೇ.

"ಗೊತ್ತಿದ್ದೂ ಸೂಪರಿಂಟೆಂಡೆಂಟರ ಮುಂದೆ ಯಾಕೋ ಸುಮ್ನಿದ್ದೆ?"

"ಹೇಳಿದ್ರೆ ಷಡ್ಕನ ಕೆಲಸ ಹೋಗ್ತಿತ್ತು. ಹೇಳಿದ್ರೂ ಯಾರು ನಂಬ್ತಿದ್ರು ಅಕ್ಕ? ನಾನು ಆಚೆಯವನು."

ತಾನು ಮನೆಯೊಳಗೆ ಮಾತ್ರ ಬಳಸುತ್ತಿದ್ದ ಹೆಸರು ಅದು. ಮೇಲಿನಕ್ಕ ಲಾಕನ್ನು ಎರಡು ಕೈಯಲ್ಲಿ ಹಿಡಿದು ನಿಂತಳು. ನಾಚಿಕೆಯಿಂದ ಕಿವಿಯವರೆಗೆ ಬಿಸಿಯಾಯಿತು, ಅಳು ಬಂತು, ತಡೆಯಲಿಲ್ಲ. ಒಳಗೆ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದ ತಂಗಿ ತಿರುಗಲಿಲ್ಲ. ಗೋಡೆಗೆ ಹೇಳಿದಂತೆ ಹೇಳಿದಳು:

"ಅಷ್ಟೆತ್ತರದಿಂದ ಎಲ್ಲ ನೋಡ್ತೀಯಲ್ಲ ಅಕ್ಕ. ಒಂದು ಸಲ ಇಳಿದು ಬಂದು ಕೇಳ್ಬಹುದಿತ್ತು."

ಮೆಟ್ಟಿಲ ತಿರುವಿನಲ್ಲಿ ಆಗ್ಲಿಬಿಡಣ್ಣ ಒಂದು ಶೂ ಹಾಕಿಕೊಂಡು, ಒಂದು ಬರಿಗಾಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಹೆಂಡತಿಯ ಕೈಯಿಂದ ಲಾಕನ್ನು ತೆಗೆದುಕೊಂಡ. ಬೆಳಿಗ್ಗೆ ಅದನ್ನೇ ಹಿಡಿದುಕೊಂಡು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟು, ನಾನು ಮಾಡಿದ್ದು ಎಂದ. ಅವನ ಪರವಾಗಿ ಹೇಳಬೇಕಾದ ಮಾತು ಇದೊಂದೇ ಇದೆ, ಅದನ್ನು ಹೇಳಿದ್ದೇನೆ.

ಅವನ ಕೆಲಸ ಪೂರ್ತಿ ಹೋಗಲಿಲ್ಲ, ಡೆಕ್ಕು ಹೋಯಿತು. ಈಗ ಷೆಡ್ಡಿನ ಹಿಂದೆ ಕೂತು ಸರಪಳಿಗಳ ತುಕ್ಕು ತೆಗೆಯುತ್ತಾನೆ. ಯಾರಾದರೂ ಆಗ್ಲಿಬಿಡಣ್ಣ ಎಂದು ಕರೆದರೆ ಉತ್ತರ ಕೊಡುವುದಿಲ್ಲ. ನೀಲಿ ಕಂಪನಿಯವರು ಕಾರಣ ಹೇಳದೆ ಆಚೆ ದಡವನ್ನು ಆರಿಸಿಕೊಂಡರು. ತಂಗಿಯ ಗಂಡನ ಪಾಸನ್ನು ಸೂಪರಿಂಟೆಂಡೆಂಟರು ಕ್ಷಮೆ ಕೇಳಿ ವಾಪಸ್ ಕೊಟ್ಟರು. ಅವನು ತೆಗೆದುಕೊಂಡ, ನಮಸ್ಕಾರ ಹೇಳಿದ, ಅದನ್ನು ಬಳಸಲಿಲ್ಲ. ಅಲ್ಲಿ ವಾರಕ್ಕೊಂದು ದೊಡ್ಡ ಹಡಗು ಬರುವುದರಿಂದ ಆಳು ಬೇಕಾಗಿತ್ತು, ಹಳೆಯ ಗುಂಪು ಕರೆಯಿತು. ಗಂಡ ಹೆಂಡತಿ ಸಾಮಾನು ಕಟ್ಟಿಕೊಂಡು ಕೊಲ್ಲಿ ದಾಟಿದರು. ಹೊರಡುವ ದಿನ ತಂಗಿ ಅಕ್ಕನ ಕಾಲು ಮುಟ್ಟಲೂ ಇಲ್ಲ, ಜಗಳವಾಡಲೂ ಇಲ್ಲ. ಲಾರಿಯಲ್ಲಿ ಕೂತ ಮೇಲೆ ಒಮ್ಮೆ ಬಾಲ್ಕನಿಯ ಕಡೆ ನೋಡಿದಳು.

ಕೆಳಗಿನ ಮನೆಗೆ ಬೇರೆಯವರು ಬಂದಿದ್ದಾರೆ. ಬಂದ ವಾರದಲ್ಲೇ, ಅಷ್ಟು ಪರದೆ ಯಾಕೆ ಎಂದು ಮೇಲಿನಕ್ಕ ಅನುಮಾನಪಟ್ಟದ್ದುಂಟು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಆದರೆ ಮೂರನೆಯ ದಿನ ಮೆಟ್ಟಿಲಿಳಿದು ಹೋಗಿ ಕೇಳಿದಳು. ಮಗುವಿಗೆ ಬೆಳಕಿದ್ದರೆ ನಿದ್ದೆ ಬರುವುದಿಲ್ಲವಂತೆ.

ಬೆಳಿಗ್ಗೆ ಗೂಡಿಗೆ ಹತ್ತಿದ ತಕ್ಷಣ ಆಕೆ ಈಗಲೂ ಮೊದಲು ನೋಡುವುದು ಆಚೆ ದಡದ ತೋಳುಗಳನ್ನೇ. ಇಳಿದಿದ್ದರೆ ಹಡಗಿದೆ, ಹಡಗಿದ್ದರೆ ತಂಗಿಯ ಗಂಡನಿಗೆ ಕೆಲಸವಿದೆ ಎಂದು ಹೊಟ್ಟೆ ತಣ್ಣಗಾಗುತ್ತದೆ. ಎತ್ತಿದ್ದರೆ ಎದೆ ಧಸಕ್ಕೆನ್ನುತ್ತದೆ. ತನ್ನ ಬಂದರಿನವರ ಮುಂದೆ ಇದನ್ನು ಬಾಯಿ ಬಿಟ್ಟು ಹೇಳುವ ಹಾಗಿಲ್ಲ.

ಮೊನ್ನೆ ನೋಡಿದರೆ ಅಲ್ಲಿಯ ಎಲ್ಲ ತೋಳುಗಳೂ ಮೇಲಿದ್ದವು. ನೀಲಿ ಹಡಗಿನ ದಿನ ಅದು. ಆಕೆ ತಡೆಯಲಾರದೆ ಫೋನು ಮಾಡಿದಳು. ಮೊದಲೂ ಎಷ್ಟೋ ಸಲ ಮಾಡಿದ್ದಳು, ತಂಗಿ ಎತ್ತಿರಲಿಲ್ಲ. ಈ ಸಲ ಎತ್ತಿದಳು.

"ಹಡಗು ಬರ್ಲಿಲ್ವೇನೇ? ಅವನಿಗೆ ಕೆಲಸ ಇದೆ ತಾನೇ?"

"ತೋಳುಗಳಿಗೆ ಬಣ್ಣ ಹೊಡೀತಿದ್ದಾರೆ, ಅದಕ್ಕೆ ಎತ್ತಿದ್ದಾರೆ. ಹಡಗು ನಾಳೆ." ಮೇಲಿನಕ್ಕ ಫೋನು ಇಡುವಷ್ಟರಲ್ಲಿ ತಂಗಿ ಕೇಳಿದಳು, "ನಿನ್ನ ಕ್ರೇನಿನ ತೋಳು ಯಾಕೆ ಅಕ್ಕ ಇಷ್ಟು ದಿನದಿಂದ ಎತ್ತೇ ಇದೆ? ಊಟ ಗೀಟ ಸರಿಯಾಗಿ ಮಾಡ್ತಿದ್ದೀಯಾ?"

ನಿನಗೆ ಯಾರು ಹೇಳಿದರು ಎಂಬ ಮಾತು ರೂಢಿಯಂತೆ ಮೇಲಿನಕ್ಕನ ನಾಲಿಗೆಯ ತುದಿಗೆ ಬಂತು. ಆಮೇಲೆ ಅರ್ಥವಾಯಿತು. ಆಕೆ ಕೊಲ್ಲಿಯ ಆಚೆಗೆ ತಿರುಗಿ, ಕಾಣುವುದಿಲ್ಲ ಎಂದು ಗೊತ್ತಿದ್ದೂ ಗಾಜಿಗೆ ಕೈ ಒತ್ತಿ ಹಿಡಿದು, "ಮಾಡ್ತಿದ್ದೀನಿ," ಎಂದಳು.